ಗ್ಯಾರೇಜಿನ ಸೋಪಿನ ಪುಡಿ

"ಬಾಗಿಲು ತೆಗಿ ಗುಬ್ಬಿ. ಎಷ್ಟೊತ್ತು? ಒಳಗೆ ಅದೇನ್ ಮಾಡ್ತಿದೀಯ?" ಅಪ್ಪ ಬಚ್ಚಲುಮನೆಯ ಬಾಗಿಲು ತಟ್ಟಿದ.

"ನಾನು ಬರಲ್ಲ," ಎಂದಳು ಗುಬ್ಬಿ.

ಬರುವುದಾದರೂ ಹೇಗೆ? ಮುಖ ಉರಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಣೆ, ಮೂಗು, ಎರಡೂ ಕೆನ್ನೆ ಕೆಂಪಗೆ ಕಂದಿಹೋಗಿದ್ದವು. ಕೈಯಲ್ಲಿ ಅಪ್ಪನ ತಗಡಿನ ಡಬ್ಬಿ ಇತ್ತು.

ಗುಬ್ಬಿಯ ಅಪ್ಪ ಬೈಕ್ ಮೆಕ್ಯಾನಿಕ್. ಮನೆಯ ಕೆಳಗೇ ಗ್ಯಾರೇಜು. ದಿನಾ ಸಂಜೆ ಷಟರ್ ಎಳೆದ ಮೇಲೆ ಈ ಡಬ್ಬಿಯಿಂದ ಒಂದು ಹಿಡಿ ಪುಡಿ ತೆಗೆದು ಕೈಗೆ ತಿಕ್ಕಿಕೊಳ್ಳುತ್ತಾನೆ. ಮರದ ಹೊಟ್ಟಿಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಬೆರೆಸಿ ಅವನೇ ಮಾಡಿಟ್ಟುಕೊಂಡದ್ದು. ಎಂಥ ಗ್ರೀಸ್ ಇದ್ದರೂ ಬಿಟ್ಟುಹೋಗುತ್ತದೆ. ಗ್ರೀಸೇ ಹೋಗುವಾಗ ಮುಖದ ಜಿಡ್ಡು ಯಾವ ಲೆಕ್ಕ ಎಂದುಕೊಂಡಿದ್ದಳು ಗುಬ್ಬಿ. ಮುಖ ಮಾತ್ರ ಆ ಲೆಕ್ಕಕ್ಕೆ ಒಪ್ಪಲಿಲ್ಲ.

ಈ ಜಿಡ್ಡು ಶುರುವಾಗಿದ್ದು ಆರನೇ ಕ್ಲಾಸಿಗೆ ಬಂದ ಮೇಲೆ. ಬೆಳಗ್ಗೆ ಎಷ್ಟೇ ತೊಳೆದರೂ ಎರಡನೇ ಪೀರಿಯಡ್ ಹೊತ್ತಿಗೆ ಹಣೆ ಮಿರಮಿರ ಮಿಂಚುತ್ತದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಉದ್ದನೆಯ ಹುಡುಗ ಇದ್ದಾನೆ, ಎಲ್ಲರೂ ಅವನನ್ನು ಲಂಬು ಎನ್ನುತ್ತಾರೆ. ಅವನು ಗುಬ್ಬಿಗೆ 'ಹೆಡ್‌ಲೈಟ್' ಎಂದು ಹೆಸರಿಟ್ಟ. "ಮೆಕ್ಯಾನಿಕ್ ಮಗಳಲ್ವಾ? ಆಯಿಲ್ ಎಲ್ಲ ಮನೇಲೇ ಫ್ರೀ," ಎಂದ. ಇಡೀ ಕ್ಲಾಸ್ ನಕ್ಕಿತು. ಗುಬ್ಬಿಯೂ ನಕ್ಕಳು. ಮನೆಗೆ ಬಂದು ಅತ್ತಳು.

ನಾಳೆ ಕ್ಲಾಸ್ ಫೋಟೋ. ಅದನ್ನು ದೊಡ್ಡದು ಮಾಡಿಸಿ ಸ್ಕೂಲಿನ ಗೋಡೆಗೆ ಹಾಕುತ್ತಾರೆ. ವರ್ಷವಿಡೀ ಆ ಗೋಡೆಯ ಮೇಲೆ ಮಿಂಚುತ್ತಾ ನಿಲ್ಲುವುದು ಗುಬ್ಬಿಗೆ ಬೇಡವಾಗಿತ್ತು. ಅದಕ್ಕೇ ಈ ಸಾಹಸ.

ಕೊನೆಗೆ ಚಿಲಕ ತೆಗೆದಳು. ಅಪ್ಪ ಅವಳ ಮುಖ ನೋಡಿದ, ಡಬ್ಬಿ ನೋಡಿದ. ಬೈಗುಳ ಗ್ಯಾರಂಟಿ ಎಂದುಕೊಂಡಳು ಗುಬ್ಬಿ.

"ಚಪ್ಪಲಿ ಹಾಕ್ಕೋ. ಡಾಕ್ಟರ್ ಹತ್ರ ಹೋಗೋಣ," ಎಂದ ಅಪ್ಪ ಮೆಲ್ಲಗೆ.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿದರು. ಗುಬ್ಬಿ ನಡೆದದ್ದನ್ನೆಲ್ಲ ಪಿಸುಗುಟ್ಟಿದಳು.

"ಸದ್ಯ, ಉಪ್ಪುಕಾಗದ ಹಾಕಿ ಉಜ್ಜಿಲ್ವಲ್ಲ, ಅದೇ ಪುಣ್ಯ," ಎಂದರು ಡಾಕ್ಟರಮ್ಮ. "ನೋಡು ಪುಟ್ಟಿ, ಮುಖದ ಎಣ್ಣೆ ಅಂದ್ರೆ ಕೊಳೆ ಅಲ್ಲ. ಚರ್ಮ ಒಣಗಿ ಬಿರುಕು ಬಿಡಬಾರದು ಅಂತ ನಮ್ಮ ಮೈಯೇ ಅದನ್ನ ಮಾಡ್ಕೊಳ್ಳತ್ತೆ. ನಿನ್ನ ವಯಸ್ಸಲ್ಲಿ ಸ್ವಲ್ಪ ಧಾರಾಳವಾಗಿ ಮಾಡತ್ತೆ, ಅಷ್ಟೇ."

"ಮತ್ತೆ ಅದನ್ನ ತೆಗೆಯೋದು ಹೇಗೆ?"

"ಪೂರ್ತಿ ತೆಗೆಯೋ ಹಾಗಿಲ್ಲ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಮುಖಕ್ಕೆ ಹಾಕೋ ಸೋಪಲ್ಲಿ ತೊಳಿ. ತಿಕ್ಕಬೇಡ. ಮಧ್ಯದಲ್ಲಿ ಜಿಡ್ಡು ಅನ್ನಿಸಿದ್ರೆ ಕರ್ಚೀಫಲ್ಲಿ ಮೆಲ್ಲಗೆ ಒತ್ತಿಕೋ. ಈ ಉರಿ ಹೋಗೋವರೆಗೂ ಸೋಪೂ ಬೇಡ, ಬರೀ ನೀರು. ತೊಳೆದ ಮೇಲೆ ಪ್ರತಿಸಲ ಈ ಕ್ರೀಮ್ ಹಚ್ಕೋ."

"ನಾಳೆ ಬೆಳಗ್ಗೆ ಅಷ್ಟೊತ್ತಿಗೆ ಕೆಂಪು ಹೋಗತ್ತಾ?"

"ಇಲ್ಲ ಪುಟ್ಟಿ. ನಾಲ್ಕೈದು ದಿನ ಬೇಕು."

ಗುಬ್ಬಿಗೆ ಅಲ್ಲೇ ಅಳು ಬಂತು.

ಡಾಕ್ಟರಮ್ಮ ಕ್ರೀಮಿನ ಟ್ಯೂಬನ್ನು ಅಪ್ಪನಿಗೆ ಕೊಡಲು ಹೋದವರು ಹಾಗೇ ಅವನ ಕೈ ಹಿಡಿದು ಅಂಗೈ ಮೇಲೆ ಮಾಡಿದರು. ಬೆರಳ ಸಂದಿಯಲ್ಲೆಲ್ಲ ಬಿರುಕು. ಒಂದು ಬಿರುಕಿನಲ್ಲಿ ರಕ್ತ ಒಣಗಿತ್ತು.

"ಇದೂ ಅದೇ ಪುಡಿ ಕೆಲಸಾನಾ? ಎಷ್ಟು ತಿಕ್ಕತೀರಿ ನೀವು?"

"ದಿನಾ ಇಷ್ಟು ತಿಕ್ಕಲ್ಲ ಮೇಡಂ," ಎಂದ ಅಪ್ಪ ಸಂಕೋಚದಿಂದ. "ಇವಳ ಸ್ಕೂಲಿಗೆ ಹೋಗೋ ದಿನ ಮಾತ್ರ. ನಿನ್ನೆ ಪೇರೆಂಟ್ಸ್ ಮೀಟಿಂಗ್ ಇತ್ತು."

"ಯಾಕೆ? ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಛೆ ಛೆ, ಯಾರೂ ಏನೂ ಅಂದಿಲ್ಲ."

ಗುಬ್ಬಿ ತಲೆ ತಗ್ಗಿಸಿದಳು. ಅಂದವರು ಯಾರೆಂದು ಅವಳಿಗೆ ಗೊತ್ತಿತ್ತು. ಹೋದ ವರ್ಷದ ಮೀಟಿಂಗಿನಲ್ಲಿ ಟೀಚರ್ ಟೇಬಲ್ಲಿನ ಬಿಳಿ ಬಟ್ಟೆಯ ಮೇಲೆ ಅಪ್ಪನ ಬೆರಳಿನ ಕರಿ ಗುರುತು ಮೂಡಿತ್ತು. ಅದನ್ನು ನೋಡಿ ಯಾರೋ ಕಿಸಕ್ಕೆಂದಿದ್ದರು. "ಇನ್ಮೇಲೆ ಕೈ ಸರಿಯಾಗಿ ತೊಳ್ಕೊಂಡು ಬಾ, ಇಲ್ಲಾಂದ್ರೆ ಬರ್ಲೇಬೇಡ," ಎಂದು ಗುಬ್ಬಿ ದಾರಿಯಲ್ಲಿ ರೇಗಿದ್ದಳು. ರೇಗಿ ಮರೆತೂಬಿಟ್ಟಿದ್ದಳು. ಅಪ್ಪ ಮರೆತಿರಲಿಲ್ಲ.

ಮುಖ ಇನ್ನೂ ಉರಿಯುತ್ತಲೇ ಇತ್ತು. ಅಪ್ಪನ ಕೈಯೂ ಹೀಗೇ ಉರಿಯುತ್ತಿರಬೇಕು ಎನಿಸಿ ಗುಬ್ಬಿಗೆ ತುಂಬಾ ಬೇಜಾರಾಯಿತು.

ಮರುದಿನ ಬೆಳಗ್ಗೆ, ಇವಳು ಸ್ಕೂಲಿಗೆ ಚಕ್ಕರ್ ಹೊಡೆಯುತ್ತಾಳೆ ಎಂದೇ ಅಪ್ಪ ಅಂದುಕೊಂಡಿದ್ದ. ಗುಬ್ಬಿ ಯೂನಿಫಾರ್ಮ್ ಹಾಕಿಕೊಂಡು ಗ್ಯಾರೇಜಿಗೆ ಇಳಿದು ಬಂದಳು. ಮುಖ ಕೆಂಪಗಿತ್ತು. ಮೇಲೆ ಕ್ರೀಮ್ ಬೇರೆ, ಎಂದಿಗಿಂತ ಹೆಚ್ಚೇ ಹೊಳೆಯುತ್ತಿತ್ತು. ಅಪ್ಪ ಆಗಲೇ ಯಾರದೋ ಬೈಕಿನ ಚೈನ್ ಬಿಚ್ಚಿ ಕೂತಿದ್ದ.

"ಒಂದ್ನಿಮಿಷ, ಕೈ ತೊಳ್ಕೊಂಡು ಬಂದೆ," ಎಂದು ಎದ್ದ.

"ಬಟ್ಟೇಲಿ ಒರೆಸ್ಕೋ ಸಾಕು. ಲೇಟಾಗತ್ತೆ," ಎಂದಳು ಗುಬ್ಬಿ.

ಸ್ಕೂಲಿನ ಹಿಂದಿನ ತಿರುವಿನಲ್ಲಿ ಅಪ್ಪ ಎಂದಿನಂತೆ ಬೈಕ್ ನಿಲ್ಲಿಸಿದ. ಅಲ್ಲೇ ಇಳಿಯುತ್ತೇನೆ ಎಂದು ಗುಬ್ಬಿಯೇ ಹಿಂದೊಮ್ಮೆ ಹೇಳಿದ್ದಳು.

"ಇವತ್ತು ಗೇಟ್ ಹತ್ರ ಬಿಡು," ಎಂದಳು.

ಗೇಟಿನಲ್ಲಿ ಲಂಬು ನಿಂತಿದ್ದ. "ಏನೇ ಹೆಡ್‌ಲೈಟ್, ಇವತ್ತು ಕೆಂಪಗೆ ಉರೀತಿದೀಯ?"

ಗುಬ್ಬಿ ಬೈಕಿನಿಂದ ಇಳಿದಳು. "ಇದು ಬ್ರೇಕ್ ಲೈಟು. ಹಿಂದೆ ಇರೋರು ನಿಲ್ಲಬೇಕು," ಎಂದಳು.

ಲಂಬುವಿಗೇ ನಗು ಬಂತು. ಗುಬ್ಬಿ ಅಪ್ಪನ ಕಡೆ ತಿರುಗಿದಳು.

"ನೀನೂ ಒಳಗೆ ಬಾ ಅಪ್ಪ. ಮುಖಕ್ಕೆ ಏನಾಯ್ತು ಅಂತ ಟೀಚರ್ ಕೇಳ್ತಾರೆ, ಜೊತೆಗೆ ಇರು."

ಅವಳು ಕೈ ಹಿಡಿಯಲು ಹೋದರೆ ಅಪ್ಪ ಹಿಂದಕ್ಕೆ ಎಳೆದುಕೊಂಡ. "ಕೈಯೆಲ್ಲ ಕಪ್ಪು ಕಣೇ. ನಿಂಗೂ ಹತ್ತತ್ತೆ, ಫೋಟೋ ಬೇರೆ ಇದೆ."

"ಹತ್ತಲಿ ಬಿಡು," ಎಂದಳು ಗುಬ್ಬಿ.

ಬಿರುಕು ಬಿಟ್ಟ ಜಾಗ ಒತ್ತದ ಹಾಗೆ, ಮೆಲ್ಲಗೆ, ಅವನ ಕೈ ಹಿಡಿದುಕೊಂಡಳು. ಇಬ್ಬರೂ ಗೇಟು ದಾಟಿದರು.