ಉರಿಜಡೆಯ ಮಾಂತ್ರಿಕನೂ ನಂಟಿನ ಹಗ್ಗವೂ

ಬಹಳ ಹಿಂದೆ, ಚಿಪ್ಪುಹಂದಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕೆಂಬಾರೆ ಎಂಬ ರಾಜ್ಯವಿತ್ತು. ರಾಜ್ಯದ ಅಂಚಿಗೆ ಒಣಕಾಡು, ಕಾಡಿನ ಸೆರಗಿನಲ್ಲಿ ಹನ್ನೆರಡು ಮನೆಗಳ ಹಟ್ಟಿ. ಆ ಹಟ್ಟಿಯವರದ್ದೊಂದು ಪದ್ಧತಿ. ಹೊಸ ಮನೆಯ ಗೃಹಪ್ರವೇಶದ ದಿನ ಮನೆಯ ನೆತ್ತಿಯಿಂದ ಹತ್ತಿರದ ಮರಕ್ಕೆ ಹುಲ್ಲಿನ ಹಗ್ಗ ಕಟ್ಟಬೇಕು. ಅದಕ್ಕೆ ನಂಟಿನ ಹಗ್ಗ ಅಂತ ಹೆಸರು. ಕಾಡು ನಮ್ಮ ನೆಂಟ, ಕೈಬಿಡಬಾರದು ಅಂತ. ಕೇಳೋದಕ್ಕೆ ಎಷ್ಟು ಚಂದ, ಅಲ್ಲವೇ?

ಆದರೆ ಬೇಸಿಗೆ ಬಂತೆಂದರೆ ಉರಿಜಡೆ ಎಂಬ ಮಾಂತ್ರಿಕ ಬರುತ್ತಿದ್ದ. ಅವನ ತಲೆಯ ಮೇಲಿದ್ದದ್ದು ಕೂದಲಲ್ಲ, ಬೆಂಕಿ. ಕಾಡಿನೊಳಗಿಂದ ನಡೆದು ಬಂದು, ಹಟ್ಟಿಯನ್ನು ಸುಟ್ಟು, ನಗುತ್ತಾ ಹೋಗುತ್ತಿದ್ದ.

ರಾಜನಿಗೆ ತಾಳ್ಮೆ ಕೆಟ್ಟಿತು. "ಕಾಡಿದ್ದರೆ ತಾನೇ ಬೆಂಕಿ? ಕಡಿದು ಬಯಲು ಮಾಡಿ" ಎಂದ.

ಗಾರೆ ಕೆಲಸದ ಮಾಳವ್ವ ಕೈಮುಗಿದು ಮುಂದೆ ಬಂದಳು. "ಬುದ್ಧೀ, ಕಾಡು ಹೋದರೆ ಅದರೊಳಗಿನ ಬುಗ್ಗೆ ಬತ್ತುತ್ತೆ. ಹಟ್ಟಿಯವರು ಕುಡಿಯೋದು ಅದೇ ನೀರು. ಸುಡದಂಥ ಮನೆ ನಾನು ಕಟ್ತೀನಿ."

"ಮೂರು ಬೇಸಿಗೆ ಕೊಟ್ಟೆ. ಮೂರನೆಯ ಮನೆಯೂ ಸುಟ್ಟರೆ ಕಾಡಿಗೆ ಕೊಡಲಿ ಬೀಳುತ್ತೆ" ಎಂದ ರಾಜ.

ಮೊದಲ ಬೇಸಿಗೆಗೆ ಮಾಳವ್ವ ದಪ್ಪ ಮಣ್ಣಿನ ಗೋಡೆ ಎಬ್ಬಿಸಿ ಮೇಲೆ ಹುಲ್ಲು ಹೊದಿಸಿದಳು. ಅವಳ ತಾತ ದ್ಯಾವಣ್ಣ ಹಗ್ಗ ಕಟ್ಟಿದ. ಹಟ್ಟಿಯ ಹಗ್ಗಗಳನ್ನೆಲ್ಲ ಹೊಸೆದವನು ಅವನೇ. ಉರಿಜಡೆ ದೂರದಲ್ಲೇ ನಿಂತು ತಲೆ ಕೊಡವಿದ. ಕಿಡಿ ಹಾರಿ ಹುಲ್ಲಿನ ಮೇಲೆ ಬಿತ್ತು. ಮನೆ ಬೂದಿಯಾಯಿತು.

ಮಾಳವ್ವ ಕಾಡಿಗೆ ಹೋಗಿ ಅಳುತ್ತಾ ಕೂತಳು. ಬಿಲದಿಂದ ಮುದಿ ಚಿಪ್ಪುಹಂದಿಯೊಂದು ಮೈಕೊಡವಿಕೊಂಡು ಎದ್ದು ಬಂತು.

"ಅಷ್ಟು ನೀರು ದಂಡ ಮಾಡಬೇಡ ತಾಯಿ. ನನ್ನ ಬೆನ್ನು ನೋಡು. ಚಿಪ್ಪಿನ ಮೇಲೆ ಚಿಪ್ಪು, ಕಿಡಿ ನುಗ್ಗೋಕೆ ಸಂದಿಲ್ಲ. ನನ್ನ ಬಿಲದ ಬಾಯಲ್ಲಿ ಒಂದು ತರಗೆಲೆ ಇದೆಯಾ? ಅವನು ಒಣಗಿದ್ದನ್ನು ತುಳಿದುಕೊಂಡೇ ಬರಬೇಕು. ಬರಿ ನೆಲ ಮುಟ್ಟಿದರೆ ಅರ್ಧ ಬಲ ಹೋಯ್ತು, ನೀರು ಮುಟ್ಟಿದರೆ ಪೂರಾ ಹೋಯ್ತು."

ಎರಡನೆಯ ಬೇಸಿಗೆಗೆ ಮಾಳವ್ವ ಚಿಪ್ಪಿನ ಹಾಗೆ ಹೆಂಚಿನ ಮೇಲೆ ಹೆಂಚು ಹೊದಿಸಿದಳು, ಸಂದುಗಳಿಗೆ ಜೇಡಿಮಣ್ಣು ಮೆತ್ತಿದಳು. ಮನೆಯ ಸುತ್ತ ಇಪ್ಪತ್ತು ಹೆಜ್ಜೆ ತರಗೆಲೆ ಗುಡಿಸಿದಳು. ಗೋಡೆಗೊರಗಿಸಿದ್ದ ಸೌದೆಯನ್ನು ದೂರ ಒಟ್ಟಿದಳು. ಮರಗಳ ಕೆಳಗಿನ ಕೊಂಬೆ ಸವರಿದಳು, ಆದರೆ ಒಂದು ಮರವನ್ನೂ ಕಡಿಯಲಿಲ್ಲ.

ಉರಿಜಡೆ ಬಂದ. ಎರಚಿದ ಕಿಡಿಗಳೆಲ್ಲ ಹೆಂಚಿನಿಂದ ಜಾರಿ ಬಿದ್ದವು. ಅಂಗಳದಲ್ಲಿ ತುಳಿಯಲು ಒಂದು ಒಣ ಎಲೆಯಿಲ್ಲ. ಅಬ್ಬಾ ಎಂದು ಮಾಳವ್ವ ಉಸಿರು ಬಿಡುವಷ್ಟರಲ್ಲಿ ಅವನು ತಲೆಯೆತ್ತಿದ. ಅಯ್ಯೋ, ಹಗ್ಗ! ಮರ ಹತ್ತಿ, ಹಗ್ಗದ ಮೇಲೆ ನಡೆದು ಬಂದು, ಅದನ್ನು ಬಿಗಿದಿದ್ದ ತೊಲೆಗೇ ಕೈಯಿಟ್ಟ. ಆ ಮನೆಯೂ ಹೋಯಿತು.

ಇನ್ನು ಉಳಿದದ್ದು ಒಂದೇ ಬೇಸಿಗೆ. ತಾತನಿಗೆ ಹೇಳುವುದು ಹೇಗೆಂದು ಮಾಳವ್ವ ಎಷ್ಟೋ ದಿನ ಒದ್ದಾಡಿದಳು. ಕಡೆಗೆ ಹೇಳಿದಳು.

"ತಾತ, ಈ ಸಲ ಹಗ್ಗ ಬೇಡ."

"ನಂಟು ಕಡಿದುಕೊಳ್ಳೋಣ ಅಂತೀಯೇನೇ?" ಮುದುಕ ಎರಡೂ ಕೈ ಮುಂದೆ ಚಾಚಿದ. "ನನ್ನ ಅಂಗೈ ನೋಡೇ. ಅರವತ್ತು ವರ್ಷ ಹಗ್ಗ ಹೊಸೆದು ಗೆರೆಗಳೇ ಅಳಿಸಿಹೋಗಿವೆ."

ಮಾಳವ್ವನಿಗೆ ಅಳು ಬಂತು. "ನಂಟು ಬೇಡ ಅಂದೆನಾ ತಾತ? ಹುಲ್ಲಲ್ಲಿ ಬೇಡ, ನೀರಲ್ಲಿ ಕಟ್ಟೋಣ ಅಂದೆ."

ಕಾಡಿನ ಬುಗ್ಗೆಯಿಂದ ಕಾಲುವೆ ತಂದು ಹೊಸ ಹೆಂಚಿನ ಮನೆಯ ಸುತ್ತ ಹರಿಸುವುದು ಅವಳ ಲೆಕ್ಕಾಚಾರ. ಮರುದಿನವೇ ಗುದ್ದಲಿ ಹಿಡಿದಳು. ದ್ಯಾವಣ್ಣ ಮೂರು ದಿನ ಅತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಬಂದ. ಜಗಳಕ್ಕೇ ಬಂದ ಅಂದುಕೊಂಡರು ಎಲ್ಲರೂ.

"ಕಾಲುವೆ ಸೊಟ್ಟಗೆ ಹೋಗ್ತಿದೆ, ಕಣ್ಣು ಕಾಣಲ್ವಾ? ಹಿಡಿ ಈ ತುದಿ" ಎಂದು ಹಗ್ಗವನ್ನು ನೆಲದ ಮೇಲೆ ನೇರಕ್ಕೆ ಎಳೆದು ಹಿಡಿದ. ಅಗೆತ ಮುಗಿದ ಮೇಲೆ ಸುತ್ತಿಕೊಂಡು ಹೋದ.

ಮೂರನೆಯ ಬೇಸಿಗೆ, ಸುಡುಮಧ್ಯಾಹ್ನ ಉರಿಜಡೆ ಬಂದ. ಕಿಡಿ ಎರಚಿದ, ಜಾರಿದವು. ನೆಲ ನೋಡಿದ, ಎಲೆಯಿಲ್ಲ. ಮೇಲೆ ನೋಡಿದ, ಹಗ್ಗವಿಲ್ಲ.

"ಎಲ್ಲೋ ಮುದುಕಾ, ನನ್ನ ದಾರಿ?"

"ಕೆಳಗೆ ಹಾಕಿದೀವಿ ಕಣಪ್ಪಾ, ಬಾ" ಎಂದ ದ್ಯಾವಣ್ಣ.

ಉರಿಜಡೆಗೆ ಸಿಟ್ಟು ನೆತ್ತಿಗೇರಿತು. ಬರಿನೆಲಕ್ಕೇ ಹಾರಿದ. ಅರ್ಧ ಬೆಂಕಿ ಆರಿತು. ತಡವರಿಸಿ ಮುಂದೆ ಕಾಲಿಟ್ಟರೆ ಕಾಲುವೆ. ಚುಂಯ್! ಉಳಿದದ್ದು ದಂಡೆಯ ಕಲ್ಲಿನ ಮೇಲೆ ನಡುಗುವ ಹೆಬ್ಬೆರಳಷ್ಟು ಉರಿ.

ಮಾಳವ್ವ ಅದನ್ನು ಮಡಕೆಚೂರಿನಲ್ಲಿ ಎತ್ತಿಕೊಂಡಳು. "ಒಲೆಯಲ್ಲಿರು, ಅನ್ನ ಬೇಯಿಸು. ಹೊರಗೆ ಬಂದೀಯಾ, ಜೋಕೆ!"

ರಾಜ ಬಂದು ಮನೆ ನೋಡಿದ, ಕೊಡಲಿಗಳನ್ನು ವಾಪಸು ಕಳಿಸಿದ. ಹನ್ನೆರಡು ಮನೆಗಳನ್ನೂ ಮಾಳವ್ವ ಅದೇ ರೀತಿ ಕಟ್ಟಿದಳು. ಕಾಡೂ ಉಳಿಯಿತು, ಹಟ್ಟಿಯೂ ಸುಖವಾಗಿತ್ತು. ಚಿಪ್ಪುಹಂದಿಗೆ ಎಲ್ಲರ ಹಿತ್ತಿಲಲ್ಲೂ ಮರ್ಯಾದೆ.

ಅಲ್ಲಿಂದಾಚೆಗೆ ಗೃಹಪ್ರವೇಶದ ದಿನ ಹಗ್ಗ ಕಟ್ಟುವವರಿರಲಿಲ್ಲ. ಕಾಲುವೆಯ ಬಾಯಿ ಬಿಡಿಸಿ ಎಲ್ಲರೂ ಕಾಯುತ್ತಿದ್ದರು. ನೀರು ಬಾಗಿಲಿಗೆ ಬರುತ್ತಲೇ ದ್ಯಾವಣ್ಣ ಬಗ್ಗಿ, ಗೆರೆಯಿಲ್ಲದ ಅಂಗೈಯನ್ನು ಅದರಲ್ಲಿ ಅದ್ದುತ್ತಿದ್ದ.

"ಬಂದ ನೋಡೇ ಮಾಳಿ, ನೆಂಟ" ಎನ್ನುತ್ತಿದ್ದ.