ಹಯಾತನ ಮಾಮು ತಂದ ಕಂಪ್ಯೂಟರ್

"ನಮ್ಮ ಮಾಮು ತಂದದ್ದು ಮೂರೂವರಿ. ಸಾಲೀದು ಬರೇ ಎರಡು!" ಎಂದ ಹಯಾತ.

"ಏನು ಮೂರೂವರಿ? ಸೇರೋ, ಕಿಲೋನೋ?" ಎಂದಳು ಮಂಜವ್ವ. ಸುತ್ತ ನಿಂತ ಹುಡುಗಿಯರೆಲ್ಲ ನಕ್ಕರು.

"ಮೆಗಾಹರ್ಟ್ಸ್! ಒಂದು ಸೆಕೆಂಡಿನ್ಯಾಗ ಮೂವತ್ತೈದು ಲಕ್ಷ ಸಲ ಟಿಕ್ ಅಂತೈತಿ. ಸಾಲೀದು ಇಪ್ಪತ್ತು ಲಕ್ಷಕ್ಕ ಸುಸ್ತು. ಅದು ಕಂಪ್ಯೂಟರ್ ಅಲ್ಲ, ಚಕ್ಕಡಿ!"

ಮಂಜವ್ವನ ನಗು ನಿಂತುಹೋಯಿತು. ಅದು ಎಂಬತ್ತರ ದಶಕ; ಸವಣೂರಿನ ಅವರ ಹೈಸ್ಕೂಲಿಗೆ ಎರಡು ಕಂಪ್ಯೂಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗಬೇಕು. ಅವುಗಳ ಧೂಳು ಒರೆಸುವ ಕೆಲಸವನ್ನು ಪರಮೇಶಪ್ಪ ಸರ್ ಮಂಜವ್ವನಿಗೇ ಕೊಟ್ಟಿದ್ದರು. ಹಾಗಾಗಿ ಅವು ತನ್ನವೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮೊದಲು ಹಯಾತನೂ ಅವಳ ಜೊತೆ ಬಂದು ಒರೆಸುತ್ತಿದ್ದ. ದುಬೈನಿಂದ ಅವನ ಸೋದರಮಾವ ಶಹಾಬುದ್ದೀನ ಮಾಮು ರಜೆಗೆ ಬಂದ ಮೇಲೆ ಎಲ್ಲ ಬದಲಾಯಿತು. ಮಾಮು ತಂದ ಸಣ್ಣ ಕರಿ ಕಂಪ್ಯೂಟರಿನ ಮಾತು ಬಿಟ್ಟರೆ ಅವನಿಗೆ ಬೇರೆ ಮಾತೇ ಇರಲಿಲ್ಲ.

"ಹಂಗಾದ್ರ ತಗೊಂಡು ಬಾ. ನೋಡೇಬಿಡೂಣು!" ಎಂದಳು ಮಂಜವ್ವ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಾಮುವೇ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಹೊಸ ಷರ್ಟು ಹಾಕಿದ್ದ. ಎಲ್ಲರನ್ನೂ ನೋಡಿ ನಗುತ್ತಿದ್ದ.

ಆಗಿನ ಕಂಪ್ಯೂಟರಿಗೆ ಟೀವಿಯೇ ಪರದೆ. ಪರಮೇಶಪ್ಪ ಸರ್ ಒಂದು ಟೀವಿಗೆ ಶಾಲೆಯ ಕಂಪ್ಯೂಟರನ್ನೂ ಇನ್ನೊಂದಕ್ಕೆ ಹಯಾತನದನ್ನೂ ಜೋಡಿಸಿದರು. ಎರಡರಲ್ಲೂ ಒಂದೇ ಪ್ರೋಗ್ರಾಂ. ಒಂದರಿಂದ ಐದು ಸಾವಿರದವರೆಗಿನ ಅಂಕಿಗಳನ್ನೆಲ್ಲ ಕೂಡಿಸಿ ಉತ್ತರ ತೋರಿಸಬೇಕು.

"ಒಂದು... ಎರಡು... ಮೂರು!" ಸರ್ ಹೇಳಿದ ಕೂಡಲೇ ಮಂಜವ್ವ ಇತ್ತ, ಹಯಾತ ಅತ್ತ ಗುಂಡಿ ಒತ್ತಿದರು.

ಎರಡೂ ಪರದೆ ಸುಮ್ಮನಿದ್ದವು. ಮಂಜವ್ವ ಟೀವಿಯತ್ತ ಬಾಗಿದಳು. ಅಷ್ಟರಲ್ಲೇ ಅವಳ ಪರದೆಯ ಮೇಲೆ ಉದ್ದನೆಯ ಸಂಖ್ಯೆ ಮೂಡಿತು.

"ಬಂತು! ಸಾಲೀದು ಬಂತು!" ಹುಡುಗರ ಜೊತೆ ಮಂಜವ್ವನೂ ಬೆಂಚು ಬಡಿದಳು.

ಹಯಾತನ ಪರದೆಯಲ್ಲಿ ಏನೂ ಇರಲಿಲ್ಲ. ಕೂಗಾಟ ಮುಗಿದರೂ ಉತ್ತರ ಬರಲಿಲ್ಲ. ಯಾರೋ ಆಕಳಿಸಿದರು. ಕೊನೆಗೆ ಅದೇ ಸಂಖ್ಯೆ ಅಲ್ಲಿಯೂ ಬಂತು. ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ.

"ಸರ್, ಇದರ ಟಿಕ್ ಹೆಚ್ಚೈತ್ರಿ. ಮತ್ಯಾಕ ಹಿಂಗಾತು?" ಹಯಾತನ ದನಿ ಸಣ್ಣಗಾಗಿತ್ತು.

"ನಿಮ್ಮ ಓಣ್ಯಾಗ ವೀಳ್ಯದೆಲಿ ಎಣಸೋದು ನೋಡಿಯಲ್ಲ?" ಎಂದರು ಸರ್. "ಒಬ್ರು ಲಗೂಲಗೂ ಒಂದೊಂದ ಎಲಿ ಎತ್ತತಾರ. ಇನ್ನೊಬ್ರ ಕೈ ನಿಧಾನ, ಆದ್ರ ಒಂದ ಸಲಕ್ಕ ಐದೈದು ಎಲಿ ಹಿಡಿತಾರ. ಯಾರ ಕಟ್ಟು ಮೊದಲ ಮುಗಿತೈತಿ? ಟಿಕ್ ಎಷ್ಟು ಅಂತ ಅಷ್ಟ ಕೇಳಿದ್ರ ಸಾಲದು, ಒಂದೊಂದು ಟಿಕ್ಕಿಗೆ ಎಷ್ಟು ಕೆಲಸ ಆಗತೈತಿ ಅಂತನೂ ಕೇಳಬೇಕು. ನಾವು ಬರದದ್ದನ್ನ ಅದು ಹೆಂಗ ಓದಿ ತಿಳಕೋತೈತಿ ಅನ್ನೋದೂ ಐತಿ."

ಹಯಾತ ಸರ್ ಕಡೆಗೆ ನೋಡುತ್ತಿರಲಿಲ್ಲ. ಬಾಗಿಲ ಬಳಿ ನಿಂತ ಮಾಮುವನ್ನು ನೋಡುತ್ತಿದ್ದ. ಮಾಮು ಆಗಲೂ ನಗುತ್ತಲೇ ಇದ್ದ. ಆದರೆ ಕೈ ಮಾತ್ರ ಆ ಬಟ್ಟೆಯನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು.

ಹಯಾತ ಇಷ್ಟು ದಿನ ಹೊಗಳಿದ್ದು ಕಂಪ್ಯೂಟರನ್ನಲ್ಲ, ಅದನ್ನು ತಂದ ಮಾಮುವನ್ನು ಎಂದು ಮಂಜವ್ವನಿಗೆ ಆಗ ಹೊಳೆಯಿತು. ಬೆಂಚು ಬಡಿದ ತನ್ನ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

ಸಂಜೆ ಅವಳು ಹಯಾತನ ಮನೆಗೆ ಹೋದಳು. ಅವನ ತಾಯಿ ರಹಿಮಾಬಿ ಪಡಸಾಲೆಯಲ್ಲಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು.

"ಬಾರವಾ ಮಂಜವ್ವ. ನಾಳೆ ಇವನ ಮಾಮು ದುಬೈಗೆ ಹೊಳ್ಳಿ ಹೊಂಟಾರ, ಯಲವಿಗಿಗೆ ಹೋಗಿ ರೈಲು ಹತ್ತತಾರ. ಈ ಹುಡುಗ ನೋಡಿದ್ರ ಊಟಾನೂ ಮಾಡವಲ್ಲ."

ಹಯಾತ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಕಂಪ್ಯೂಟರ್ ಟೀವಿಯ ಮುಂದೆ ಹಾಗೇ ಬಿದ್ದಿತ್ತು.

"ಮಾಮು, ಇದರಾಗ ಆಟ ಅದಾವಂತಲ್ರೀ? ನನಗ ತೋರಸ್ರಿ" ಎಂದಳು ಮಂಜವ್ವ.

ಮಾಮು ಹಯಾತನ ಕಡೆ ನೋಡಿದ. "ನನಗೇನೂ ಬರೂದಿಲ್ಲವಾ. ಅಂಗಡಿಯಾಂವ, 'ನಿಮ್ಮ ಹುಡುಗಗ ಇದು ಸೇರತೈತಿ' ಅಂದ. ಅದಕ್ಕ ತಗೊಂಡು ಬಂದೆ. ಹಾಕಾಕ ಬರೋದು ಇವಗ ಒಬ್ಬಗ."

ಹಯಾತ ಅಲುಗಾಡಲಿಲ್ಲ. ಆಟದ ಕ್ಯಾಸೆಟ್ ಹಾಕುವ ಟೇಪ್ ರಿಕಾರ್ಡರ್ ಪಕ್ಕದಲ್ಲಿತ್ತು; ಮಂಜವ್ವ ಅದರ ವೈರನ್ನು ತಪ್ಪು ಜಾಗಕ್ಕೆ ಚುಚ್ಚಲು ಹೋದಳು.

"ಏ, ಅಲ್ಲಲ್ಲ! ಅದು ಈ ಕಡೆ!" ಎಂದು ಅವನೇ ಎದ್ದು ಬಂದ.

ಕ್ಯಾಸೆಟ್ ತಿರುಗತೊಡಗಿತು. ಕೀಂಯ್ ಎಂದು ಕರ್ಕಶ ಸದ್ದು. ಪರದೆಯ ಅಂಚಿನಲ್ಲಿ ಬಣ್ಣಬಣ್ಣದ ಪಟ್ಟೆಗಳು ಓಡಿದವು.

"ಇನ್ನೂ ಎಷ್ಟೊತ್ತಪಾ?" ಎಂದ ಮಾಮು.

"ಟೇಪು ಮುಗಿಯೋತನಕ ಕಾಯಬೇಕ್ರಿ ಮಾಮು. ಟೇಪು ನಿಧಾನ. ಕಂಪ್ಯೂಟರ್ ಎಷ್ಟ ಲಗೂ ಇದ್ರೂ ಅದರ ಮುಂದ ಸುಮ್ಮನ ಕುಂದ್ರಬೇಕು."

ಕಾಯುತ್ತ ಕುಳಿತಾಗ ಮಾಮು ಮಾತಾಡತೊಡಗಿದ. ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದ ಬಿಸಿಲು, ಒಂದೇ ಕೋಣೆಯಲ್ಲಿ ಮಲಗುವ ಗೆಳೆಯರು, ಶುಕ್ರವಾರ ಎಲ್ಲರೂ ಸೇರಿ ಮಾಡುವ ಅಡಿಗೆ. ರಹಿಮಾಬಿ ತಂದಿಟ್ಟ ಕುರುಕಲು ಖಾರವನ್ನು ಮೂವರೂ ಒಂದೇ ತಟ್ಟೆಯಿಂದ ತಿಂದರು. ಹಯಾತ ಸರಿಯುತ್ತ ಸರಿಯುತ್ತ ಮಾಮುವಿನ ತೋಳಿಗೆ ಒರಗಿದ್ದ.

ಫಕ್ಕನೆ ಸದ್ದು ನಿಂತಿತು. ಪರದೆಯ ಮೇಲೆ ಆಟ ಬರಲಿಲ್ಲ. ಟೇಪು ಸರಿಯಾಗಿ ಓದಿಲ್ಲ ಎಂದು ಒಂದು ಸಾಲು ಬಂತು, ಅಷ್ಟೇ.

"ಅಯ್ಯ, ಕೆಟ್ಟಿತೇನಪಾ?" ಎಂದು ಮಾಮು ಗಾಬರಿಯಾದ.

"ಇಲ್ರಿ. ಮೊದಲಿಂದ ಹಾಕಬೇಕು, ಅಷ್ಟ" ಎಂದ ಹಯಾತ. "ಮತ್ತ ಅಷ್ಟೊತ್ತು ಕಾಯಬೇಕ್ರಿ."

"ಕಾಯೂಣು" ಎಂದ ಮಾಮು.

ಮಂಜವ್ವ ಕೈ ಚಾಚಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವ ಗುಂಡಿ ಒತ್ತಿದಳು. ಅದು ಪೂರ್ತಿ ಸುತ್ತಿಕೊಂಡು ತಾನಾಗಿ ನಿಲ್ಲುವವರೆಗೂ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕುಳಿತಳು.