ಫೋಟೋದಂಚಿನ ಸೆರಗು

“ಇದು ಯಾರ ಕೈಯೋ ಏನೋ?”

ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ಅಮ್ಮ ಕೇಳಿದಳು. ಕೇಳಿದ್ದು ಧನ್ಯಾಳನ್ನಲ್ಲ, ಜಗಲಿಯಲ್ಲಿ ಕೂತಿದ್ದ ಅಜ್ಜಿಯನ್ನೂ ಅಲ್ಲ. ಬೆರಳಿಗೆಲ್ಲ ಸೋಪಿನ ನೊರೆ. ಮದುವೆಯ ಉಂಗುರ ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

“ಕೊಬ್ರಿ ಎಣ್ಣೆ ಹಚ್ಚವ್ವ, ದಾರ ಸುತ್ತಿ ಎಳಿ,” ಅಂದರು ಅಜ್ಜಿ. “ಸ್ಕ್ಯಾನಿಂಗ್‌ಗೆ ಮೈಮ್ಯಾಲೆ ಒಂದ್ ಚೂರೂ ಚಿನ್ನ, ಕಬ್ಬಿಣ ಇರಂಗಿಲ್ಲ ಅಂದವ್ರಲ್ಲ.”

ಧನ್ಯಾ ದಾರ ಸುತ್ತಿ ಎಳೆದಳು. ಚರ್ಮ ತರಚಿಕೊಂಡು ಉಂಗುರ ಕಳಚಿತು. ಈಚೀಚೆಗೆ ನೋವು ಅನ್ನುವುದಕ್ಕೂ ಅಮ್ಮನಿಗೆ ಸುಸ್ತು.

ಎಲ್ಲದಕ್ಕೂ ಸುಸ್ತು. ಒಂದು ಕೊಡ ನೀರು ತಂದರೆ ಸುಸ್ತು, ತಲೆ ಬಾಚಿದರೆ ಸುಸ್ತು. ಅಪ್ಪನ ಚಪ್ಪಲಿ ಈಗ ಅಮ್ಮನಿಗೂ ಸರಿಯಾಗುತ್ತದೆ. ಮೊದಲು ಬೆಳಿಗ್ಗೆ ದೀಪ ಹಚ್ಚಿ ರಾಗವಾಗಿ ಪದ್ಯ ಹೇಳುತ್ತಿದ್ದವಳು, ಈಗ ತುಟಿ ಮಾತ್ರ ಆಡಿಸುತ್ತಾಳೆ. ದನಿ ಗಂಡಸರ ದನಿಯ ಹಾಗೆ ದಪ್ಪವಾಗಿದೆ. ದೇವರ ಮುಂದೆಯೂ ನಾಚಿಕೆಯಂತೆ.

ಹೋದ ಸಲ ಆಸ್ಪತ್ರೆಗೆ ಅಪ್ಪ ಜೊತೆಗೆ ಹೋಗಿದ್ದ. ಈ ಸಲ ಅಪ್ಪ ಹೊಲದಲ್ಲಿ ಶುಂಠಿ ಕೀಳಿಸುತ್ತಿದ್ದ. ಅಲ್ಲದೆ ಡಾಕ್ಟರ್ ಮೇಡಂ ಅಮ್ಮನ ಹಳೇ ಫೋಟೋಗಳನ್ನು ತರಲು ಹೇಳಿದ್ದರು. ಫೋಟೋಗಳೆಲ್ಲ ಫೋನಿನಲ್ಲಿ, ಫೋನಿನ ಸಂಗತಿಯೆಲ್ಲ ಧನ್ಯಾಗೆ ಗೊತ್ತು.

“ನಾನ್ ಬರಲ್ಲ. ಹೋಂವರ್ಕ್ ಐತೆ,” ಅಂದಿದ್ದಳು ಧನ್ಯಾ.

“ಬಸ್ಸಲ್ಲಿ ಮಾಡ್ಕಳೇ, ಮಾರಾಯ್ತಿ!” ಅಪ್ಪ ನಕ್ಕಿದ್ದ.

ಯಾಕೆ ಬರುವುದಿಲ್ಲ ಅನ್ನುವುದು ಧನ್ಯಾಳೊಬ್ಬಳಿಗೇ ಗೊತ್ತಿತ್ತು.

ಮಲ್ಲಿಪಟ್ಟಣದಿಂದ ಅರಕಲಗೂಡು, ಅಲ್ಲಿಂದ ಹಾಸನ. ಬಸ್ಸು ಹೊರಟ ಕೂಡಲೇ ಅಮ್ಮ ಧನ್ಯಾಳ ಭುಜಕ್ಕೆ ಒರಗಿ ನಿದ್ದೆಹೋದಳು. ಗೊರಕೆ ಶುರುವಾಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಧನ್ಯಾ ಕಿಟಕಿಗೆ ಮುಖ ಒತ್ತಿಕೊಂಡು ಕೂತಳು.

ಸ್ಕ್ಯಾನಿಂಗ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಡಾಕ್ಟರ್ ಮೇಡಂ ಕಂಪ್ಯೂಟರಿನಲ್ಲಿ ಅಮ್ಮನ ತಲೆಯ ಒಳಗನ್ನು ತೋರಿಸಿದರು.

“ಇಲ್ಲಿ, ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಪಿಟ್ಯೂಟರಿ ಅಂತಾರೆ. ಅದರಲ್ಲಿ ಈ ಸಣ್ಣ ಗಡ್ಡೆ ಬೆಳೆದಿದೆ.”

“ಕ್ಯಾನ್ಸರಾ ಮೇಡಂ?” ಧನ್ಯಾ ಕೇಳಿಯೇಬಿಟ್ಟಳು.

“ಅಲ್ಲ ಪುಟ್ಟಿ. ಬೇರೆ ಕಡೆ ಹರಡೋ ಗಡ್ಡೆ ಅಲ್ಲ. ಆದ್ರೆ ಸುಮ್ನೇನೂ ಕೂತಿಲ್ಲ. ನಿನ್ನಂಥ ಮಕ್ಕಳು ಬೆಳೆಯೋಕೆ ಬೇಕಾದ ರಸವನ್ನ ಅಮ್ಮನ ಮೈಗೆ ಸುರೀತಾನೇ ಇದೆ. ಅದಕ್ಕೇ ಕೈಕಾಲು, ಮುಖ ಎಲ್ಲ ದಪ್ಪ ಆಗಿರೋದು. ಮೂಗಿನ ದಾರಿಯಿಂದ್ಲೇ ಆಪರೇಷನ್ ಮಾಡಿ ತೆಗೀತಾರೆ.”

ಆಮೇಲೆ ಅಮ್ಮನ ಕಡೆ ತಿರುಗಿದರು. “ನಾನು ಇದರ ಮೇಲೇ ರಿಸರ್ಚ್ ಮಾಡ್ತಿದೀನಿ, ರೂಪಶ್ರೀ. ಮುಖ ಎಷ್ಟು ನಿಧಾನವಾಗಿ ಬದಲಾಗುತ್ತೆ ಅಂದ್ರೆ, ಮನೆಯವರಿಗೂ ಗೊತ್ತಾಗಲ್ಲ. ಎಷ್ಟೋ ಜನ ಲೇಟಾಗಿ ಬರ್ತಾರೆ. ವರ್ಷಕ್ಕೊಂದು ಫೋಟೋ ಸಾಲಾಗಿ ಇಟ್ರೆ ಯಾವಾಗ ಶುರುವಾಯ್ತು ಅಂತ ಕಾಣುತ್ತೆ. ಮುಂದೆ ಬೇರೆಯವರದ್ದು ಬೇಗ ಕಂಡುಹಿಡೀಬಹುದು. ಫೋಟೋ ತಂದ್ರಾ?”

ಅಮ್ಮ ಚೀಲದಿಂದ ಮದುವೆಯ ಫೋಟೋ ತೆಗೆದಳು. ಧನ್ಯಾ ಫೋನ್ ಕೊಟ್ಟಳು.

ಡಾಕ್ಟರ್ ಸರಿಸುತ್ತ ಹೋದರು. ಕೇಕಿನ ಮುಂದೆ ಧನ್ಯಾ. ಯುಗಾದಿ ಲಂಗದಲ್ಲಿ ಧನ್ಯಾ. ಸ್ಕೂಲಿನ ಪ್ರೈಜು ಹಿಡಿದ ಧನ್ಯಾ. ಎಲ್ಲದರ ಅಂಚಿನಲ್ಲೂ ಒಂದು ಚೂರು ಸೆರಗು.

“ಪಕ್ಕದಲ್ಲಿ ಯಾರೋ ಇದ್ದ ಹಾಗಿದೆಯಲ್ಲ?”

ಧನ್ಯಾಳ ಕಿವಿ ಬಿಸಿಯಾಯಿತು. ಹೋದ ವರ್ಷ ಬರ್ತ್‌ಡೇ ಫೋಟೋವನ್ನು ಅಪ್ಪ ಸ್ಟೇಟಸ್‌ಗೆ ಹಾಕಿದ್ದ. ಮಾರನೇ ದಿನ ಕ್ಲಾಸಿನಲ್ಲಿ ರಂಜಿತಾ, “ಅದು ನಿಮ್ಮಮ್ಮನೇನೇ? ನಿಮ್ ಮಾವ ಸೀರೆ ಉಟ್ಕೊಂಡವ್ರೆ ಅನ್ಕೊಂಡೆ ಕಣೇ!” ಅಂದಿದ್ದಳು. ಇಡೀ ಬೆಂಚು ನಕ್ಕಿತ್ತು. ಆ ಸಂಜೆ ಧನ್ಯಾ ಒಂದೊಂದೇ ಫೋಟೋ ತೆರೆದು, ಬೆರಳಿನಿಂದ ಅಂಚನ್ನು ಒಳಕ್ಕೆ ತಳ್ಳಿ, ಅಮ್ಮನನ್ನು ಹೊರಗೆ ಹಾಕಿದ್ದಳು.

“ನಾನೇ ಮೇಡಂ,” ಅಂದಳು ಅಮ್ಮ. “ನಂಗೆ ಫೋಟೋ ಅಂದ್ರೆ ಆಗಾಕಿಲ್ಲ. ತೆಗೆಯೋವಾಗ ಸರ್ಕೊಂಬುಡ್ತೀನಿ.”

ಸುಳ್ಳು. ಅಮ್ಮ ಯಾವತ್ತೂ ಸರಿದವಳಲ್ಲ. ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು, ಧನ್ಯಾಳಿಗೆ ಒತ್ತಿಕೊಂಡೇ ನಿಂತಿದ್ದಳು.

ಹಾಗಾದರೆ ಅಮ್ಮನಿಗೆ ಗೊತ್ತು. ಎಷ್ಟು ದಿನದಿಂದಲೋ ಗೊತ್ತು. ಗೊತ್ತಿದ್ದೂ ಒಂದು ಮಾತು ಅಂದಿಲ್ಲ.

“ಕೊಡಿ ಮೇಡಂ,” ಎಂದು ಧನ್ಯಾ ಫೋನ್ ತೆಗೆದುಕೊಂಡಳು. ಎಡಿಟ್ ಒತ್ತಿದಳು. ಕತ್ತರಿಸುವ ಮೊದಲಿನ ಫೋಟೋ ಬೇಕೇ ಎಂದು ಫೋನ್ ಕೇಳಿತು. ಬೇಕು ಅಂದಳು. ಕೇಕಿನ ಪಕ್ಕ ಅಮ್ಮ ಬಂದಳು. ಯುಗಾದಿಗೆ ಬಂದಳು. ಪ್ರೈಜಿನ ದಿನಕ್ಕೂ ಬಂದಳು. ವರ್ಷ ವರ್ಷಕ್ಕೆ ಮೂಗು ಅಗಲ, ದವಡೆ ಉದ್ದ. ನಗು ಮಾತ್ರ ಮದುವೆಯ ಫೋಟೋದಲ್ಲಿದ್ದದ್ದೇ.

ಅಮ್ಮ ಬಗ್ಗಿ ನೋಡಿದಳು.

“ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದೆ! ನಾಲ್ಕು ವರ್ಷದ ಹಿಂದೇನೇ ಶುರುವಾಗಿದೆ ನೋಡಿ,” ಡಾಕ್ಟರ್ ಮುಖ ಅರಳಿತು. ಮೂರು ಕಾಗದ ಮುಂದಿಟ್ಟರು. ರಿಸರ್ಚಿಗೆ ರಕ್ತ ಕೊಡಲು ಒಂದು; ಅಮ್ಮ ಸೈನ್ ಹಾಕಿದಳು. ಸ್ಕ್ಯಾನ್ ಕೊಡಲು ಒಂದು, ಅದಕ್ಕೂ ಹಾಕಿದಳು.

“ಇದು ಫೋಟೋನ ಡಾಕ್ಟರ್‌ಗಳ ಪತ್ರಿಕೇಲಿ ಹಾಕೋಕೆ. ಹೆಸರು ಇರಲ್ಲ, ಕಣ್ಣಿಗೆ ಕಪ್ಪು ಪಟ್ಟಿ ಹಾಕ್ತೀವಿ. ಮಕ್ಕಳ ಮುಖ ಹಾಕೋ ಹಾಗಿಲ್ಲ. ಅದಕ್ಕೇ ಧನ್ಯಾನ ಕಟ್ ಮಾಡಿ ನಿಮ್ಮ ಮುಖ ಒಂದೇ ಇಟ್ಕೋತೀವಿ.”

ಅಮ್ಮನ ಪೆನ್ನು ನಿಂತಿತು.

“ಇವಳ್ನ ತೆಗೆದ್ಬುಡ್ತೀರಾ?”

“ಆ ಕಡೆ ಅರ್ಧ, ಅಷ್ಟೇ. ಇದೊಂದು ಸೈನ್ ಹಾಕ್ಬಿಡಿ.”

ತೆಗೀಲಿ ಬಿಡಮ್ಮ ಅನ್ನಬೇಕೆಂದುಕೊಂಡಳು ಧನ್ಯಾ.

ಅಷ್ಟರಲ್ಲಿ ಅಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು. ತನ್ನ ದಪ್ಪ ದನಿಯನ್ನು ಈ ಸಲ ಅವಳು ತಗ್ಗಿಸಲಿಲ್ಲ.

“ರಕ್ತ ಎಷ್ಟ್ ಬೇಕಾದ್ರೂ ತಗಳಿ ಮೇಡಂ. ಈ ಮುಖ ಬೇಕಾ, ಈಗ್ಲೇ ಫೋಟೋ ತಕ್ಕಳಿ. ನನ್ ಮಗಳ್ನ ಕತ್ತರಿಸಿ ಮಾತ್ರ ಕೊಡಾಕಿಲ್ಲ.”